ಬಾಟ್ಲಿ ತಂದಿದೀಯೇನಮ್ಮಾ?

ನಮ್ಮ ಬೀದಿ ಕೊನೇಲಿ ನರ್ಸಿಂಗ್ ಓದೋ ಹುಡುಗೀರು ರೂಮ್ ಮಾಡ್ಕೊಂಡಿದಾರೆ. ಭಾನುವಾರ ಬಂದು ಕೂತ್ಕೋತಾರೆ, ಚಹಾ ಕುಡೀತಾರೆ, "ಆಂಟಿ, ನಿಮ್ಮ ಕಾಲದ್ದು ಏನಾದ್ರೂ ಹೇಳಿ" ಅಂತಾರೆ. ಮೊನ್ನೆ ಅವರಲ್ಲೊಬ್ಬಳು, "ಹಳ್ಳಿಯೋರಿಗೆ ಎಷ್ಟು ಹೇಳಿದ್ರೂ ಅಷ್ಟೇ ಆಂಟಿ. ಔಷಧಿ ಕೊಟ್ರೆ ಸರಿಯಾಗಿ ತಗೊಳ್ಳಲ್ಲ, ಮಾತು ಕೇಳಲ್ಲ" ಅಂದ್ಲು. ನನಗೆ ಸುರ್ ಅಂತ ಸಿಟ್ಟು ಬಂತು ನೋಡಿ. ಚೆನ್ನಾಗಿ ಬೈದು ಕಳಿಸ್ದೆ. ಅವರು ಹೋದ್ಮೇಲೆ ಅಯ್ಯೋ ಪಾಪ ಅನ್ನಿಸ್ತು. ಅವಳಿಗೇನು ಗೊತ್ತು, ನಿನ್ನೆ ಮೊನ್ನೆ ಹುಟ್ಟಿದ್ದು. ಬೈಯೋದಕ್ಕಿಂತ ಬರೆಯೋದು ವಾಸಿ ಅಂತ ಕೂತಿದೀನಿ.

ನನಗೆ ಪ್ರಮೋಷನ್ ಯಾವಾಗ ಬಂತು, ಎಲ್ಲೆಲ್ಲಿಗೆ ವರ್ಗ ಆಯ್ತು, ಅದನ್ನೆಲ್ಲ ಬರೆಯಲ್ಲ. ಅದು ಪೆನ್ಷನ್ ಆಫೀಸಿನವರಿಗೆ ಬೇಕಾದ್ದು. ನಾನು ಹೇಳೋದು ಬಾಟ್ಲಿ ವಿಷಯ. ನಗಬೇಡಿ. ನನ್ನ ಸರ್ವೀಸಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಕಲಿಸಿದ್ದು ಖಾಲಿ ಬಾಟ್ಲಿಗಳೇ.

ಎಪ್ಪತ್ತರ ದಶಕದ ಸರ್ಕಾರಿ ಆಸ್ಪತ್ರೇಲಿ ಔಷಧಿ ಅಂದ್ರೆ ಮಿಕ್ಸ್ಚರ್. ಈಗಿನ ಥರ ಬೆಳ್ಳಿ ಕಾಗದದಲ್ಲಿ ಅಂಟಿಸಿದ ಮಾತ್ರೆ ಅಲ್ಲ. ಔಷಧಿ ರೂಮಲ್ಲಿ ದೊಡ್ಡ ದೊಡ್ಡ ಗಾಜಿನ ಜಾಡಿಗಳು. ಕೆಮ್ಮಿಗೆ ಒಂದು, ಹೊಟ್ಟೆನೋವಿಗೆ ಒಂದು, ಜ್ವರಕ್ಕೆ ಬಾಯಿಗಿಡೋಕಾಗದಷ್ಟು ಕಹಿದೊಂದು, ಮೈಯಲ್ಲಿ ರಕ್ತ ಕಮ್ಮಿ ಇದ್ದೋರಿಗೆ ತುಕ್ಕು ವಾಸನೆಯ ಕಬ್ಬಿಣದ ಮಿಕ್ಸ್ಚರ್. ಕಾಂಪೌಂಡರ್ ಅದನ್ನ ಅಳೆದು ರೋಗಿ ತಂದ ಬಾಟ್ಲಿಗೆ ಹುಯ್ದು, ಪಕ್ಕಕ್ಕೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸೋರು. ಒಂದು ಹಲ್ಲು ಇಳಿದ್ರೆ ಒಂದು ಹೊತ್ತಿನ ಔಷಧಿ. ಓದು ಬರಹ ಬರದೋರಿಗೂ ತಿಳೀತಿತ್ತು. ಔಷಧಿ ಪುಕ್ಕಟೆ. ಬಾಟ್ಲಿ ಮಾತ್ರ ನೀವೇ ತರಬೇಕು.

ಬಾಟ್ಲಿ ಇಲ್ಲದೋರು? ಬಾಟ್ಲಿ ಇಲ್ಲದೋರಿಗೆ ಔಷಧಿ ಇಲ್ಲ. ದೇವರು ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಂಗೆ.

ನಾನು ಹುಟ್ಟಿದ್ದು ತುಮಕೂರಲ್ಲಿ. ನನ್ನ ಹೆಸರು ಜಮೀಲಾ. ಅಬ್ಬಾಂದು ಗುಜರಿ ಅಂಗಡಿ. ಹಳೇ ಕಬ್ಬಿಣ, ತಗಡು, ರದ್ದಿ ಪೇಪರು, ಗೋಡೆಗೆ ಒರಗಿಸಿದ ಸೈಕಲ್ ಚಕ್ರ, ಆಮೇಲೆ ಬಾಟ್ಲಿಗಳ ಗುಡ್ಡೆ. ಮನೆ ಮಾತು ಉರ್ದು, ಓಣಿ ದಾಟಿದ್ರೆ ಕನ್ನಡ. ಇಲ್ಲಿ ಅಬ್ಬಾ ಮಾತನ್ನೂ ಕನ್ನಡದಲ್ಲೇ ಬರೀತೀನಿ.

ನಾನು ನರ್ಸಿಂಗ್‌ಗೆ ಸೇರ್ತೀನಿ ಅಂದಾಗ ದೊಡ್ಡಪ್ಪ ಬಂದು ನಡುಮನೇಲಿ ಕೂತ್ರು. "ಹೆಣ್ಣು ಹುಡುಗಿ. ಕಂಡೋರ ಮೈ ಮುಟ್ಟೋ ಕೆಲಸ. ನಾಳೆ ಇವಳ್ನ ಯಾರು ಮದುವೆ ಆಗ್ತಾರೆ?" ಅಂದ್ರು. ಅಬ್ಬಾ ತಕ್ಕಡಿ ಒರೆಸ್ತಾ ಇದ್ರು. ಸೇರು ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಮಾರನೇ ದಿನ ಅಂಗಡಿಗೆ ಬಂದಿದ್ದ ಒಂದು ಹಳೇ ಟ್ರಂಕಿಗೆ ಹೊಸ ಕೊಂಡಿ ಹಾಕಿಸಿ ತಂದು ನನ್ನ ಮುಂದೆ ಇಟ್ಟು, "ಬೀಗ ಗಟ್ಟಿ ಇದೆ, ಹಾಸ್ಟೆಲ್‌ಗೆ ಆಗುತ್ತೆ" ಅಂದ್ರು. ಅದೇ ಒಪ್ಪಿಗೆ.

ಆದ್ರೆ ಒಂದು ಮಾತು. ಯಾರಾದ್ರೂ ನನ್ನ ವಿಷಯ ಕೇಳಿದ್ರೆ ಅಬ್ಬಾ "ಮಗಳು ಸರ್ಕಾರಿ ನೌಕರೀಲಿದಾಳೆ" ಅನ್ನೋರು. ಯಾವ ನೌಕರಿ ಅಂದ್ರೆ "ಸರ್ಕಾರಿ" ಅಂತ ಮತ್ತೆ ಅದನ್ನೇ ಹೇಳೋರು. ನರ್ಸು ಅನ್ನೋ ಪದ ಅವರ ಬಾಯಿಂದ ಹೊರಡ್ತಾನೇ ಇರಲಿಲ್ಲ. ನಾನು ಕೆಲಸ ಮಾಡೋ ಜಾಗಕ್ಕೆ ಒಂದು ದಿನಾನೂ ಬಂದೋರಲ್ಲ. ನನಗೆ ಅದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದಂಗೆ ಇತ್ತು. ನುಂಗೋಕೂ ಆಗಲ್ಲ, ಉಗಿಯೋಕೂ ಆಗಲ್ಲ.

ಟ್ರೈನಿಂಗ್ ಕಾಲದ್ದು ಒಂದೇ ಒಂದು ಹೇಳಿಬಿಡ್ತೀನಿ, ನೀವು ನಕ್ಕು ಬಿಡಿ. ಸಾಮಾನೆಲ್ಲ ಕುದಿಸಿ ಶುದ್ಧ ಮಾಡಬೇಕು ಅಂತ ಪಾಠ ಆಗಿತ್ತು. ನಾನು ಮಹಾ ಜಾಣೆ, ವಾರ್ಡಿನ ಥರ್ಮಾಮೀಟರ್‌ಗಳನ್ನೆಲ್ಲ ಒಟ್ಟು ಮಾಡಿ ಕುದಿಯೋ ನೀರಿಗೆ ಬಿಟ್ಟೆ. ಟಪ್ ಟಪ್ ಅಂತ ಎಲ್ಲಾ ಒಡೆದು ಪಾದರಸ ಮುತ್ತಿನ ಥರ ಪಾತ್ರೆ ತಳದಲ್ಲಿ ಓಡಾಡ್ತಿತ್ತು. ಮೇಟ್ರನ್ ಬಂದು ನೋಡಿದ್ರು. "ಏನಮ್ಮ, ಸಾರಿಗೆ ಒಗ್ಗರಣೆ ಹಾಕ್ತಿದೀಯಾ?" ಅಂದ್ರು. ಆ ವರ್ಷವೆಲ್ಲ ನನ್ನ ಹೆಸರು ಒಗ್ಗರಣೆ ಜಮೀಲಾ. ಗಾಜನ್ನ ತಣ್ಣೀರಲ್ಲಿಟ್ಟು ನಿಧಾನಕ್ಕೆ ಕಾಯಿಸಬೇಕು, ಥರ್ಮಾಮೀಟರನ್ನ ಕಾಯಿಸಲೇಬಾರದು. ಈ ಎರಡು ಮಾತು ನಾನು ಸಾಯೋತನಕ ಮರೆಯಲ್ಲ.

ಮೊದಲ ಪೋಸ್ಟಿಂಗ್ ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಗೆ. ಊರಿನ ಹೆಸರು ಬೇಡ. ಒಬ್ಬರು ಡಾಕ್ಟರು, ಒಬ್ಬಳು ಆಯಾ, ನಾನು, ಆಮೇಲೆ ಕಾಂಪೌಂಡರ್ ನಂಜುಂಡಪ್ಪನೋರು. ಹಣೆ ಮೇಲೆ ವಿಭೂತಿ, ಕಿವಿ ಮೇಲೆ ಪೆನ್ಸಿಲ್. ಅವರ ಕಿಟಕಿ ಅಂದ್ರೆ ಕಿಟಕಿ ಅಲ್ಲ, ಕೋಟೆ ಬಾಗಿಲು. ಕ್ಯೂನಲ್ಲಿ ಯಾರು ಮುಂದೆ ಬಂದ್ರೂ ಮುಖ ನೋಡೋಕೆ ಮುಂಚೆ ಕೈ ನೋಡೋರು.

"ಬಾಟ್ಲಿ ತಂದಿದೀಯೇನಮ್ಮಾ?"

"ಇಲ್ಲ ಸ್ವಾಮಿ."

"ಹಂಗಾದ್ರೆ ಔಷಧೀನ ಬೊಗಸೇಲಿ ಹುಯ್ಯಲಾ? ನಡಿ, ತಗೊಂಡ್ ಬಾ. ಮುಂದೆ ಯಾರು?"

ಕೆಟ್ಟ ಮನುಷ್ಯ ಅಲ್ಲ ಕಣ್ರೇ. ಒಂದು ಸಲ ಯಾರಿಗೋ ಮಣ್ಣಿನ ಕುಡಿಕೆಗೆ ಹುಯ್ದು ಕೊಟ್ಟಿದ್ರಂತೆ, ಅವರು ಅದನ್ನ ಮಗುವಿಗೆ ಎಷ್ಟು ಕುಡಿಸಬೇಕು ಅಂತ ತಿಳೀದೆ ಯಡವಟ್ಟಾಗಿತ್ತಂತೆ. ಅಲ್ಲಿಂದ ಗಾಜಿನ ಬಾಟ್ಲಿ ಬಿಟ್ರೆ ಬೇರೆ ಮುಟ್ತಾ ಇರಲಿಲ್ಲ. ಬೇರೆಯೋರ ಬಾಟ್ಲೀನ ಇನ್ನೊಬ್ಬರಿಗೆ ಕೊಡೋದೂ ಇಲ್ಲ. ಪಟ್ಟಿ ಅಂಟಿಸದೆ ಔಷಧಿ ಹೊರಗೆ ಕಳಿಸಿದ್ರೆ ಅವರಿಗೆ ನಿದ್ದೆ ಬರ್ತಿರಲಿಲ್ಲ.

ಈಗ ಹೆಲಿಕಾಪ್ಟರ್ ಮಾಡೋ ಕಾರ್ಖಾನೆ ಇದೆಯಲ್ಲ, ಬಿದರೆಹಳ್ಳಿ ಕಾವಲ್, ಆಗ ಅಲ್ಲಿ ಕುರಿ ಬಿಟ್ರೆ ಇನ್ನೇನೂ ಓಡಾಡ್ತಿರಲಿಲ್ಲ. ಆ ಕಡೆಯಿಂದ ಒಂದು ಪಾಳ್ಯದ ಹೆಂಗಸರು ನಮ್ಮಲ್ಲಿಗೆ ನಡ್ಕೊಂಡು ಬರೋರು. ಕುರಿ ಕಾಯೋರು, ಕೂಲಿಗೆ ಹೋಗೋರು. ಅವರಲ್ಲಿ ಹನುಮಕ್ಕ ಅಂತ ಒಬ್ಬಳು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮನಸ್ಸು. ಅವಳ ಸೊಸೆ ಸಣ್ಣಕ್ಕ. ತುಂಬ ಎಳೇ ಹುಡುಗಿ. ಹಿಂದಿನ ಹೆರಿಗೇಲಿ ರಕ್ತ ಹೋಗಿ ಹೋಗಿ ಬದುಕಿದ್ದೇ ಹೆಚ್ಚು, ಕೂಸು ಉಳಿಯಲಿಲ್ಲ. ಈಗ ಮತ್ತೆ ಬಸುರಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ರೆ ಬಿಳೀ ಹಾಳೆ. ಡಾಕ್ಟರು ನನ್ನ ಪಕ್ಕಕ್ಕೆ ಕರೆದು, "ಸಿಸ್ಟರ್, ಇದೇ ರಕ್ತದಲ್ಲಿ ಹೆರಿಗೆ ಆದ್ರೆ ಈ ಸಲ ತಾಯಿ ಉಳಿಯಲ್ಲ. ಕಬ್ಬಿಣದ ಔಷಧಿ ತಪ್ಪದೆ ಹೊಟ್ಟೆಗೆ ಹೋಗಬೇಕು" ಅಂದ್ರು. ಮಾತ್ರೆ ಬರ್ತಿತ್ತು, ಬಂದಷ್ಟೇ ಬೇಗ ಮುಗೀತಿತ್ತು. ಇದ್ದದ್ದು ಮಿಕ್ಸ್ಚರ್.

ಹನುಮಕ್ಕ ಬಾಟ್ಲಿ ತಂದಿದ್ಲು. ಹಸಿರು ಗಾಜು, ಕತ್ತಿನ ಹತ್ತಿರ ಒಂದು ಚಕ್ಕೆ ಹೋಗಿತ್ತು, ಬಿರಡೆಗೆ ಬದಲು ತೆಂಗಿನ ನಾರು ತುರುಕಿತ್ತು. ನಂಜುಂಡಪ್ಪನೋರು ಔಷಧಿ ಹುಯ್ದು ಪಟ್ಟಿ ಅಂಟಿಸಿ ಕೊಟ್ರು. ನಾನು ಸಣ್ಣಕ್ಕನಿಗೆ, "ದಿನಾ ಒಂದೊಂದು ಹಲ್ಲು ಇಳಿಬೇಕು, ಮರೀಬೇಡ" ಅಂದೆ. "ಆಗ್ಲಿ ನರ್ಸಮ್ಮ" ಅಂತ ತಲೆ ಆಡಿಸಿದ್ಲು.

ಮಾರನೇ ದಿನ ಅದೇ ಪಾಳ್ಯದ ಇನ್ನೊಬ್ಬಳು ಕೂಸಿನ ಕೆಮ್ಮಿಗೆ ಅಂತ ಬಂದ್ಲು. ಅವಳ ಕೈಲಿದ್ದ ಬಾಟ್ಲಿ ನೋಡ್ತೀನಿ, ಹಸಿರು ಗಾಜು, ಕತ್ತಿನ ಹತ್ತಿರ ಚಕ್ಕೆ, ತೆಂಗಿನ ನಾರು. ಇದೆಲ್ಲೋ ನೋಡಿದಂಗಿದೆಯಲ್ಲ ಅಂದ್ಕೊಂಡೆ. ಕೇಳೋಣ ಅನ್ನೋಷ್ಟರಲ್ಲಿ ಹೊರಗೆ ಗಲಾಟೆ. ಹನುಮಕ್ಕನ ಗಂಡ, ಮಗ ಇಬ್ಬರೂ ಸೇರಿ ಸಣ್ಣಕ್ಕನ್ನ ಎತ್ಕೊಂಡು ಬಂದಿದಾರೆ. ವಾಂತಿ ಮೇಲೆ ವಾಂತಿ, ಹೊಟ್ಟೆ ಹಿಡ್ಕೊಂಡು ಒದ್ದಾಡ್ತಿದಾಳೆ. ಹಿಂದೆ ಹನುಮಕ್ಕ, "ಮದ್ದು ಕೊಟ್ಟು ನನ್ ಸೊಸೇನ ಕೊಂದ್ಬುಟ್ರಲ್ಲವ್ವೋ!" ಅಂತ ಎದೆ ಬಡ್ಕೋತಾ ಇದಾಳೆ.

ಡಾಕ್ಟರು ಓಡಿ ಬಂದ್ರು. ಗ್ಲೂಕೋಸ್ ಹಾಕಿ, ಮೇಲಿಂದ ಮೇಲೆ ನೋಡ್ಕೊಂಡು ಮಧ್ಯಾಹ್ನದ ಹೊತ್ತಿಗೆ ಒಂದು ಹದಕ್ಕೆ ತಂದ್ವಿ. ಹೊಟ್ಟೇಲಿದ್ದ ಕೂಸಿನ ಎದೆಬಡಿತ ಕೇಳಿದ್ಮೇಲೆ ನಾನು ಉಸಿರು ಬಿಟ್ಟೆ. ಆಮೇಲೆ ಹನುಮಕ್ಕನ್ನ ಹೊರಗೆ ಕಟ್ಟೆ ಮೇಲೆ ಕೂರಿಸಿ ಕೇಳಿದೆ.

"ನಿಜ ಹೇಳು ಹನುಮಕ್ಕ. ಎಷ್ಟು ಕುಡಿಸಿದೆ?"

"ಕೊಟ್ಟಿದ್ದೆಲ್ಲಾನೂವೆ."

"ಎಲ್ಲಾನೂ? ಒಂದೇ ದಿನಕ್ಕಾ? ದಿನಾ ಒಂದೊಂದು ಹಲ್ಲು ಅಂತ ಬಾಯಿ ಬಡ್ಕೊಂಡು ಹೇಳಿದ್ನಲ್ಲ!"

"ಹೇಳ್ದೆ ಬುಡವ್ವ, ಯಾರಿಲ್ಲ ಅಂದ್ರು? ರಂಗಮ್ಮನ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ತಿತ್ತು. ಅವ್ಳಿಗೆ ಸೀಸೆ ಬೇಕಲ್ಲ? ಖಾಲಿ ಮಾಡ್ದೆ ಎಂಗೆ ಕೊಡಾನ?"

ನನಗೆ ಅರ್ಥ ಆಗಲಿಲ್ಲ. "ರಂಗಮ್ಮ ಅವಳ ಬಾಟ್ಲಿ ತರಬೇಕಿತ್ತು."

ಹನುಮಕ್ಕ ನನ್ನ ಮುಖವನ್ನ ಮಗುವಿನ ಮುಖ ನೋಡೋ ಹಾಗೆ ನೋಡಿದ್ಲು. "ಇರಾದೇ ಒಂದಲ್ಲವ್ವ ಸೀಸೆ. ಇಡೀ ಪಾಳ್ಯಕ್ಕೆ ಅದೊಂದೇಯ. ಮಿಕ್ಕಿದ್ದು ಮನೆಗೊಂದು ಸೀಮೆಎಣ್ಣೆ ಸೀಸೆ, ಅದ್ರಲ್ಲಿ ಮದ್ದು ತರಕಾಯ್ತದಾ? ಯಾರಿಗೆ ಕಾಯ್ಲೆ ಆದ್ರೂ ಇದನ್ನೇ ತರಾದು. ಮುಂದ್ಲೋರು ಕಾಯ್ತಿರ್ತಾರೆ ಅಂತ ಬೇಗ ಬೇಗ ಕುಡ್ದು ತೊಳ್ದು ಕೊಡಾದು. ಒಬ್ಬರೇ ಇಟ್ಕಂಡು ಕೂತ್ರೆ ನ್ಯಾಯವಾ ನೀನೇ ಹೇಳು."

ಅವಳು ಹೇಳಿದ್ದು ನ್ಯಾಯವೇ. ಇಡೀ ಊರು ಒಬ್ಬರಿಗೊಬ್ಬರು ಆಗಬೇಕು ಅಂತ ಬೇಗ ಬೇಗ ಔಷಧಿ ನುಂಗಿ ಬಾಟ್ಲಿ ಬಿಟ್ಟುಕೊಡ್ತಿದ್ರು. ನಮಗೆ ಅವರು ಮಾತು ಕೇಳದ ಜನ. ಅವರಿಗೆ ಅದು ಧರ್ಮ. ಅವತ್ತು ನನಗೆ ಆದ ಸಂಕಟ ಹೇಳೋಕಾಗಲ್ಲ. ಸರ್ಕಾರ ಔಷಧಿ ಎಲ್ಲರಿಗೂ ಒಂದೇ ಅಂತ ಕಳಿಸ್ತು. ಅದು ಮನೇಲಿ ಬಾಟ್ಲಿ ಇದ್ದೋರಿಗೆ ಔಷಧಿ ಆಯ್ತು, ಇಲ್ಲದೋರಿಗೆ ವಿಷ ಆಯ್ತು.

ಮುಂದೆ ಎಂಬತ್ತರ ದಶಕದಲ್ಲಿ ಕುಣಿಗಲ್ ಕಡೆ ಇದ್ದಾಗ ಇಂಥದ್ದೇ ಇನ್ನೊಂದಾಯ್ತು. ಅಷ್ಟು ಹೊತ್ತಿಗೆ ಮಾತ್ರೆ ಪೊಟ್ಟಣ ಬಂದಿತ್ತು, ಬಾಟ್ಲಿ ಕಾಟ ಹೋಗಿತ್ತು. ಅಮೃತೂರು ಕಡೆಯ ಒಬ್ಬಳು ಮುದುಕಿಗೆ "ಊಟ ಆದ್ಮೇಲೆ ಒಂದೊಂದು" ಅಂತ ಕೊಟ್ಟಿದ್ದೆ. ಮೂರು ಹೊತ್ತು ತಗೋಬೇಕಾದ ಮಾತ್ರೆ, ಮುಂದಿನ ಸಲ ಬಂದಾಗ ಮುಕ್ಕಾಲು ಹಂಗೇ ಇತ್ತು. ಹೊಸದಾಗಿ ಸೇರಿದ್ದ ಹುಡುಗಿ "ನೋಡಿ ಸಿಸ್ಟರ್, ಇವರಿಗೆ ಅಸಡ್ಡೆ" ಅಂದ್ಲು. ನಾನು ಹನುಮಕ್ಕನ್ನ ನೆನೆಸ್ಕೊಂಡು, "ಅಜ್ಜಿ, ಊಟ ಯಾವಾಗ ಮಾಡ್ತೀರಿ?" ಅಂತ ಕೇಳಿದೆ. "ಸಂಜೆ ಮುಂದೆ, ಮುದ್ದೆ ಆದಾಗ" ಅಂದ್ಲು. ಒಂದೇ ಹೊತ್ತು. ಅಜ್ಜಿ ನಮ್ಮ ಮಾತು ಅಕ್ಷರಶಃ ಪಾಲಿಸಿದ್ಲು ನೋಡಿ. ಹುಡುಗೀರೇ, ನಿಮ್ಮ ಮೇಲೆ ನಾನು ರೇಗಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ? ಇರಲಿ, ಬಾಟ್ಲಿಗೆ ವಾಪಸ್ ಬರ್ತೀನಿ.

ನಂಜುಂಡಪ್ಪನೋರ ಹತ್ತಿರ ಹೋಗಿ ವಿಷಯ ಹೇಳಿದೆ. ಪೆನ್ಸಿಲ್ ಕಿವಿಯಿಂದ ತೆಗೆದು ಮತ್ತೆ ಕಿವಿಗೇ ಇಟ್ಕೊಂಡ್ರು. "ಸರ್ಕಾರ ಬಾಟ್ಲಿ ಕೊಡಲ್ಲ ಸಿಸ್ಟರ್. ನಾನೇನು ಬಾಟ್ಲಿ ಹಡೀಲಾ?"

"ನಾನು ತಂದ್ರೆ?"

"ಎಲ್ಲಿಂದ ತರ್ತೀರಿ?"

"ನಮ್ಮಪ್ಪನ ಅಂಗಡಿಯಿಂದ."

ಹೇಳೋದೇನೋ ಹೇಳಿಬಿಟ್ಟೆ. ಅಬ್ಬಾ ನನ್ನ ಕೆಲಸದ ಮಾತೇ ಎತ್ತದ ಮನುಷ್ಯ. ರಜಾ ದಿನ ತುಮಕೂರಿನ ಬಸ್ ಹತ್ತಿದೆ. ಊಟಕ್ಕೆ ಕೂತಾಗ ಸಣ್ಣಕ್ಕನ ಕತೆ ಎಲ್ಲಾ ಹೇಳಿದೆ. ಅಬ್ಬಾ ತಲೆ ಎತ್ತಲಿಲ್ಲ. ತುತ್ತು ಮಾತ್ರ ಕೈಲೇ ನಿಂತಿತ್ತು. ಊಟ ಆದ್ಮೇಲೆ ಅಂಗಡಿಗೆ ಕರ್ಕೊಂಡು ಹೋಗಿ ಬಾಟ್ಲಿ ಗುಡ್ಡೆ ಮುಂದೆ ನಿಲ್ಲಿಸಿದ್ರು. ನಾನು ಕೈಗೆ ಸಿಕ್ಕಿದ್ದೊಂದು ತಗೊಂಡೆ.

"ಏ, ಇಡು ಅದನ್ನ! ಬ್ರಾಂದಿ ಬಾಟ್ಲಿ. ಹೆಂಡ ಇದ್ದದ್ದರಲ್ಲಿ ಬಸುರಿ ಹೆಂಗಸಿಗೆ ಔಷಧಿಯಾ? ತೌಬಾ ತೌಬಾ."

"ಕುದಿಸ್ತೀನಿ ಅಬ್ಬಾ."

"ಪಾಪ ಕುದಿಸಿದ್ರೆ ಹೋಗುತ್ತಾ?"

ಆ ಗುಡ್ಡೇಲಿ ಹೆಂಡದ್ದೇ ಹೆಚ್ಚು. ಅಬ್ಬಾ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮೂಸಿ ಮೂಸಿ ಪಕ್ಕಕ್ಕಿಟ್ರು. ಶರಬತ್ತಿಂದು, ಪನ್ನೀರಿಂದು, ತಲೆಗೆ ಹಚ್ಚೋ ಎಣ್ಣೇದು, ಟಾನಿಕ್ಕಿಂದು. ಬೂದಿ ಸೋಪು ಹಾಕಿ ತಾವೇ ಉಜ್ಜಿದ್ರು. ಹೊಳೆಯೋ ಹೊಳಪು ನೋಡಿದ್ರೆ ಮದುವೆ ಮನೆ ಸಾಮಾನು ಅನ್ನಬೇಕು. ಗೋಣಿಗೆ ಹುಲ್ಲು ಒತ್ತಿ ತುಂಬಿ ಬಸ್ ಮೇಲೆ ಹಾಕಿಸಿದ್ರು. ನರ್ಸು, ಆಸ್ಪತ್ರೆ, ಒಂದೂ ಮಾತಿಲ್ಲ. "ಹುಷಾರು, ಒಡೆಯುತ್ತೆ" ಅಂದ್ರು ಅಷ್ಟೇ.

ನಾನು ತಣ್ಣೀರಲ್ಲಿಟ್ಟು ನಿಧಾನಕ್ಕೆ ಕುದಿಸಿದೆ. ಒಂದೂ ಒಡೀಲಿಲ್ಲ, ಮೇಟ್ರನ್ ಪುಣ್ಯ. ಪಾಳ್ಯದ ಮನೆ ಮನೆಗೂ ಒಂದೊಂದು ಬಾಟ್ಲಿ. "ಇದು ಎರವಲು. ವಾಸಿ ಆದ್ಮೇಲೆ ವಾಪಸ್ ಕೊಡಬೇಕು" ಅಂತ ಹೇಳಿ ಕೊಟ್ಟೆ. ಪನ್ನೀರಿನ ಬಾಟ್ಲಿ ಎಷ್ಟು ಕುದಿಸಿದ್ರೂ ವಾಸನೆ ಬಿಡಲಿಲ್ಲ. ಕಹಿ ಔಷಧಿಗೂ ಪನ್ನೀರಿನ ಘಮಘಮ. "ನರ್ಸಮ್ಮನ ಮದ್ದು ಕುಡುದ್ರೆ ತೇಗೂ ಮದ್ವೆ ಮನೆ ವಾಸ್ನೆ" ಅಂತ ಪಾಳ್ಯದಲ್ಲೆಲ್ಲ ಸುದ್ದಿ. ಸಣ್ಣಕ್ಕನಿಗೆ ಉದ್ದನೇ ಕತ್ತಿನ ಪನ್ನೀರು ಬಾಟ್ಲೀನೇ ಸಿಕ್ಕಿತ್ತು. ದಿನಾ ಒಂದು ಹಲ್ಲು, ಸರಿಯಾಗಿ ಇಳೀತಾ ಬಂತು.

ಎಲ್ಲಾ ಸರಿಹೋಯ್ತು ಅಂದ್ಕೊಂಡ್ವಿ. ಎಲ್ಲಿಯ ಸರಿ? ಒಂದು ಬೆಳಗ್ಗೆ ನಂಜುಂಡಪ್ಪನೋರು ಕಿಟಕಿಯಿಂದಲೇ ಕೂಗಿದ್ರು. "ಸಿಸ್ಟರ್! ಇಲ್ಲಿ ಬನ್ನಿ! ಇದೇನು ಆಸ್ಪತ್ರೆಯಾ, ಎಣ್ಣೆ ಗಾಣವಾ?"

ಹೋಗಿ ನೋಡ್ತೀನಿ. ರಂಗಮ್ಮನ ಕೂಸು ವಾಸಿಯಾಗಿತ್ತು, ಬಾಟ್ಲಿ ವಾಪಸ್ ತಂದಿದ್ಲು. ಅದರ ತುಂಬ ಹುಚ್ಚೆಳ್ಳೆಣ್ಣೆ.

"ಇದ್ಯಾಕೆ ರಂಗಮ್ಮ? ಖಾಲಿ ಕೊಟ್ರೆ ಸಾಕಿತ್ತಲ್ಲ."

"ಅಯ್ಯೋ, ತುಂಬ್ಕಂಡು ಬಂದಿದ್ನ ಯಾರಾದ್ರೂ ಬರಿದು ವಾಪಸ್ ಕೊಡ್ತಾರಾ? ಮನೆಗೆ ಒಳ್ಳೇದಾಗಲ್ಲ ಕಣವ್ವ."

ನಮ್ಮ ಓಣೀಲೂ ಇದೇ ಪದ್ಧತಿ. ಪಕ್ಕದ ಮನೆಯಿಂದ ತಟ್ಟೆ ಬಂದ್ರೆ ಹಿಡಿ ಸಕ್ಕರೆ ಆದ್ರೂ ಹಾಕಿ ಕಳಿಸೋದು. ಆದ್ರೆ ಔಷಧಿ ಬಾಟ್ಲಿಗೂ ಅದೇ ಲೆಕ್ಕ ಅಂತ ನನಗೆ ಹೊಳೆದಿರಲಿಲ್ಲ. ಅವತ್ತಿಂದ ಶುರು. ಒಂದರಲ್ಲಿ ತುಪ್ಪ, ಒಂದರಲ್ಲಿ ಹಿಪ್ಪೆ ಎಣ್ಣೆ, ಒಂದರಲ್ಲಿ ಹುರಿದ ಹುರುಳಿಕಾಳು. ಕಾಳು ತೆಗೆಯೋಕೆ ಬಾಟ್ಲಿ ತಲೆಕೆಳಗು ಮಾಡಿ ಕುಟ್ಟೀ ಕುಟ್ಟೀ ಆಯಾ ಸುಸ್ತಾದ್ಲು. ಎಣ್ಣೆ ಹತ್ತಿದ ಬಾಟ್ಲಿ ತೊಳೆಯೋದು ಅಂದ್ರೆ ಯಾರಿಗೆ ಬೇಕು ಆ ಕರ್ಮ. ನಂಜುಂಡಪ್ಪನೋರು ದಿನಾ ಗೊಣಗೋರು. ತುಪ್ಪದ ಬಾಟ್ಲಿ ಮಾತ್ರ ತಾವೇ ಖಾಲಿ ಮಾಡ್ತೀನಿ ಅಂತ ಮನೆಗೆ ತಗೊಂಡು ಹೋಗೋರು.

ಒಂದು ಸಲ ಮೇಲಿನ ಸಾಹೇಬ್ರು ತಪಾಸಣೆಗೆ ಬಂದ್ರು. ಕಿಟಕಿ ಕಟ್ಟೆ ಮೇಲೆ ಬಿಸಿಲಿಗೆ ಬೋರಲು ಹಾಕಿದ್ದ ಬಾಟ್ಲಿಗಳ ಸಾಲು ಕಂಡು ಒಂದನ್ನ ಎತ್ತಿ ಮೂಸಿದ್ರು. ಹುಬ್ಬು ಮೇಲೆ ಹೋಯ್ತು. "ಇದೆಲ್ಲ ಯಾರದ್ರೀ? ಸ್ಟಾಕಿನಲ್ಲಿ ಇಲ್ಲದ ಸಾಮಾನು ಆಸ್ಪತ್ರೇಲಿ ಯಾಕೆ ಬಂತು?" ನಾನು ಬಾಯಿ ತೆಗೆಯೋಷ್ಟರಲ್ಲಿ ನಂಜುಂಡಪ್ಪನೋರು ಮುಂದೆ ಬಂದ್ರು. ನಿಯಮ ಬಿಟ್ಟು ಒಂದು ತೊಟ್ಟು ಹುಯ್ಯದ ಮನುಷ್ಯ. "ರೋಗಿಗಳ ಬಾಟ್ಲಿ ಸಾರ್. ಕೊಳಕಾಗಿತ್ತು, ನಾನೇ ತೊಳೆದು ಇಟ್ಟಿದೀನಿ" ಅಂದ್ರು. ಸಾಹೇಬ್ರು ಹೋದ್ಮೇಲೆ ನನ್ನ ಕಡೆ ತಿರುಗಿ, "ವಿಭೂತಿ ಇಟ್ಕೊಂಡು ಸುಳ್ಳು ಹೇಳಿಸಿಬಿಟ್ರಲ್ಲ ಸಿಸ್ಟರ್" ಅಂದ್ರು. ಆ ಮುದುಕನ ಮೇಲೆ ನನಗೆ ಅವತ್ತು ಹುಟ್ಟಿದ ಪ್ರೀತಿ ಇವತ್ತಿಗೂ ಕಮ್ಮಿ ಆಗಿಲ್ಲ.

ಒಂದೇ ಒಂದು ಬಾಟ್ಲಿ ಬರಿದಾಗಿ ವಾಪಸ್ ಬಂತು. ಪಾಳ್ಯದ ಒಬ್ಬ ಮುದುಕರಿಗೆ ದಮ್ಮಿಗೆ ಅಂತ ಔಷಧಿ ಕೊಟ್ಟಿದ್ವಿ. ಅವರ ಮಗ ಬಂದು ಬಾಟ್ಲೀನ ಕಟ್ಟೆ ಮೇಲಿಟ್ಟ. "ಸಾವಾದ ಮನೆಯಿಂದ ಏನೂ ತುಂಬಿ ಕೊಡಬಾರ್ದು ನರ್ಸಮ್ಮ" ಅಂದ. ಅಲ್ಲಿಂದಾಚೆಗೆ ಆ ಪಾಳ್ಯದವರು ಯಾರೇ ಬಾಟ್ಲಿ ಹಿಡ್ಕೊಂಡು ಬಂದ್ರೂ ನನ್ನ ಕಣ್ಣು ಮೊದಲು ಅದರೊಳಗೆ ಏನಾದ್ರೂ ಇದೆಯಾ ಅಂತ ಹುಡುಕ್ತಿತ್ತು.

ಸಣ್ಣಕ್ಕನಿಗೆ ದಿನ ತುಂಬ್ತಾ ಬಂತು. ಕೆಳರೆಪ್ಪೆ ಕೆಂಪಗಾಗಿತ್ತು. ಪೂರ್ತಿ ಅಲ್ಲ, ಆದ್ರೆ ಬಣ್ಣ ಅಂತ ಇತ್ತು. "ನೋವು ಶುರುವಾದ ತಕ್ಷಣ ಗಾಡಿ ಕಟ್ಟಿಸ್ಕೊಂಡು ಬಾ, ಮನೇಲಿ ಹೆರಬೇಡ" ಅಂತ ಹನುಮಕ್ಕನ ಕೈಲಿ ಆಣೆ ಹಾಕಿಸ್ಕೊಂಡಿದ್ದೆ. ಅದೇ ಹೊತ್ತಿಗೆ ನನಗೆ ಡೆಪ್ಯುಟೇಷನ್ ಬಂತು, ಕುಣಿಗಲ್ ತಾಲ್ಲೂಕಿನಲ್ಲಿ ಕುಟುಂಬ ಯೋಜನೆ ಕ್ಯಾಂಪ್. ಆಗಲ್ಲ ಅನ್ನೋ ಹಾಗಿಲ್ಲ. ಹೋದೆ. ಅಲ್ಲಿ ಕೆಲಸ ಮಾಡ್ತಿದ್ದದ್ದು ಕೈ, ಮನಸ್ಸೆಲ್ಲ ಕಾವಲಿನ ಕಡೆಗೇ.

ವಾಪಸ್ ಬಂದವಳೇ ಬ್ಯಾಗು ಇಳಿಸೋಕೆ ಮುಂಚೆ ಕೇಳಿದೆ, "ಸಣ್ಣಕ್ಕ ಬಂದಿದ್ಲಾ?"

ನಂಜುಂಡಪ್ಪನೋರು ತಲೆ ಅಲ್ಲಾಡಿಸಿದ್ರು. "ಆ ಪಾಳ್ಯದಿಂದ ಒಂದು ನರಪಿಳ್ಳೆ ಇತ್ತ ಕಡೆ ಬಂದಿಲ್ಲ ಸಿಸ್ಟರ್. ನಾನೂ ದಿನಾ ನೋಡ್ತಾನೇ ಇದೀನಿ."

ದಿನ ತುಂಬಿ ಆಗಿತ್ತು. ಹೆರಿಗೆ ಆಗಿರಲೇಬೇಕು. ಗಾಡಿ ಬಂದಿಲ್ಲ, ಸುದ್ದಿ ಬಂದಿಲ್ಲ. ಅವತ್ತೇ, ಬೆಳಗ್ಗೆ ಓಪಿ ಮುಗಿದ ತಕ್ಷಣ ನಡ್ಕೊಂಡಾದ್ರೂ ಪಾಳ್ಯಕ್ಕೆ ಹೋಗೋದು ಅಂತ ಡಾಕ್ಟರ ಹತ್ತಿರ ಅಪ್ಪಣೆ ತಗೊಂಡೆ.

ಮಾರನೇ ದಿನ ಓಪಿ ನಡೀತಿರೋವಾಗ ಆಸ್ಪತ್ರೆ ಗೇಟಲ್ಲಿ ಒಂದು ಗೋಣಿ ಇಳೀತು. ಅದರ ಪಕ್ಕ ಟೋಪಿ ಸರಿ ಮಾಡ್ಕೋತಾ ಅಬ್ಬಾ! ನನ್ನ ಕಣ್ಣು ನಾನೇ ನಂಬಲಿಲ್ಲ.

"ಈ ಸಲ ಪನ್ನೀರಿಂದು ಜಾಸ್ತಿ ಸಿಕ್ಕಿತ್ತು" ಅಂದ್ರು, ಗೋಣಿ ಕಡೆಗೇ ನೋಡ್ತಾ. "ನೀನು ಬರಲೇ ಇಲ್ಲ. ಕಂಡಕ್ಟರ್ ಕೈಲಿ ಕಳಿಸಿದ್ರೆ ಒಡೀತಾನೆ." ಗೋಣಿ ಬಾಯಿ ಗಂಟು ಸರಿ ಮಾಡ್ತಾ, "ಆ ಹುಡುಗಿ, ಬಸುರಿ ಇದ್ಲಲ್ಲ, ಹೆಂಗಿದಾಳೆ?" ಅಂತ ಕೇಳಿದ್ರು.

"ಗೊತ್ತಿಲ್ಲ ಅಬ್ಬಾ" ಅಂದೆ. ಅಷ್ಟು ಹೇಳೋಷ್ಟರಲ್ಲಿ ಅಳು ಬಂತು. ಅಬ್ಬಾ ವರಾಂಡದ ಬೆಂಚಿನ ತುದೀಲಿ ಕ್ಯೂ ಜನದ ನಡುವೆ ಹೋಗಿ ಕೂತ್ರು. ವಾಪಸ್ ಹೋಗೋ ಬಸ್ಸು ಹಾರ್ನ್ ಹೊಡೀತು, ಏಳಲಿಲ್ಲ.

ಓಪಿ ಮುಗಿಯೋ ಹೊತ್ತಿಗೆ ಹನುಮಕ್ಕ ಬಂದ್ಲು. ಒಬ್ಬಳೇ. ನಡ್ಕೊಂಡು ಬಂದ ಕಾಲು ಮಂಡಿತನಕ ಧೂಳು. ಮುಖ ಬೆವರಿತ್ತು, ಅದರಲ್ಲಿ ಏನೂ ಓದೋಕೆ ಆಗಲಿಲ್ಲ. ಸೆರಗಿನ ಒಳಗೆ ಉದ್ದ ಕತ್ತಿನ ಬಾಟ್ಲಿ. ಕೈ ಸೆರಗಿನ ಒಳಗೇ ಇತ್ತು. ನನಗೆ ಸಣ್ಣಕ್ಕ ಹೆಂಗಿದಾಳೆ ಅಂತ ಕೇಳೋಕೂ ಧೈರ್ಯ ಸಾಲದೆ ಆ ಸೆರಗನ್ನೇ ನೋಡ್ತಾ ನಿಂತೆ. ಕಿಟಕೀಲಿ ನಂಜುಂಡಪ್ಪನೋರು. ಅಭ್ಯಾಸ ಬಲ ನೋಡಿ, ಅವರ ಬಾಯಿಂದ ಬಂದದ್ದು ಅದೇ ಮಾತು, ಆದ್ರೆ ದನಿ ಇರಲಿಲ್ಲ.

"ಬಾಟ್ಲಿ ತಂದಿದೀಯೇನಮ್ಮಾ?"

ಹನುಮಕ್ಕ ಸೆರಗು ಸರಿಸಿ ಬಾಟ್ಲಿ ತೆಗೆದು ಕಟ್ಟೆ ಮೇಲಿಟ್ಲು. ಕತ್ತಿನ ಮಟ್ಟಕ್ಕೆ ಜೇನುತುಪ್ಪ. ಬಿಸಿಲು ಬಿದ್ದು ಕೆಂಪಗೆ ಹೊಳೀತಿತ್ತು.

"ಕಾವಲಿಂದು, ನನ್ ಮಗ್ನೇ ಕಿತ್ತಿದ್ದು" ಅಂದ್ಲು. "ಹೆಣ್ಣು ಮಗ ಕಣವ್ವ. ಗಾಡಿ ಕಟ್ಟಾ ಹೊತ್ತಿಗೆ ತಲೆ ಆಚೆ ಬಂದ್ಬುಟ್ಟಿತ್ತು, ಏನ್ಮಾಡಾನ? ಹೋದ್ಸಲದಂಗೆ ರಗ್ತ ಹೋಗ್ಲಿಲ್ಲ. ತಾಯಿ ಎದ್ದು ಕುಂತು ಮುದ್ದೆ ಉಣ್ತಾವ್ಳೆ. ಇಡೀ ಪಾಳ್ಯಕ್ಕೇ ಹೆರಿಗೆ ಮೈಲಿಗೆ, ಪುರುಡು ಕಳೀಲಿ ಅಂತ ತಡೆದ್ವಿ. ಪುರುಡಿನ ಮನೆಯಿಂದ ಏನೂ ತುಂಬ್ಕೊಡಂಗಿಲ್ಲ, ಬಾಣಂತಿ ಸೀಸೇನ ಬರಿದು ತರಾಕೆ ನನ್ ಮನಸು ಒಪ್ಲಿಲ್ಲ."

ನಾನು ಅವಳನ್ನ ಹಿಡ್ಕೊಂಡು ಚೆನ್ನಾಗಿ ಬೈದೆ, ಸುದ್ದಿ ಆದ್ರೂ ಕಳಿಸಬಾರದಿತ್ತಾ ಅಂತ. ಬೈತಾ ಬೈತಾ ಅತ್ತೆ, ಅಳ್ತಾ ಅಳ್ತಾ ನಕ್ಕೆ. ನಂಜುಂಡಪ್ಪನೋರು ಗೋಡೆ ಕಡೆ ತಿರುಗಿ ಕನ್ನಡಕ ಒರೆಸೋಕೆ ಶುರು ಮಾಡಿದ್ರು.

ಅಬ್ಬಾ ಯಾವಾಗ ಎದ್ದು ಬಂದ್ರೋ. ಬಾಟ್ಲೀನ ಎರಡೂ ಕೈಲಿ ಎತ್ತಿ, ತಾವೇ ಉಜ್ಜಿದ್ದ ಆ ಉದ್ದ ಕತ್ತನ್ನ ಹೆಬ್ಬೆರಳಲ್ಲಿ ಸವರಿದ್ರು. "ಮಗು ಹಾಲು ಕುಡಿಯುತ್ತಾ?" ಅಂದ್ರು.

ಹನುಮಕ್ಕ ಅವರ ಟೋಪಿ, ಗಡ್ಡ ಮೇಲಿಂದ ಕೆಳಗೆ ನೋಡಿದ್ಲು. "ಕುಡೀತದೆ ಸಾಬ್ರೆ, ಜೋರಾಗಿ ಕುಡೀತದೆ. ತಾವ್ಯಾರು ಗೊತ್ತಾಗ್ಲಿಲ್ಲ?"

ವರಾಂಡ ತುಂಬ ಜನ ಇದ್ರು. ಅಬ್ಬಾ ಒಂದು ಸಲ ನನ್ನ ಮುಖ ನೋಡಿದ್ರು, ಬಿಳೀ ಸೀರೆ ನೋಡಿದ್ರು, ತಲೆ ಮೇಲಿನ ಕ್ಯಾಪು ನೋಡಿದ್ರು. ಆಮೇಲೆ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರು.

"ನಾನು ನರ್ಸಮ್ಮನ ಅಪ್ಪ."